ಶಾಸನದ ಫೋಟೋಗಳಿಗೆ ಮನೆ ಕಟ್ಟುವುದು: ಫೋಲ್ಡರ್ ಕೆಲಸಕ್ಕೆ ಕಮಾಂಡ್ ಲೈನಿನ ಉಪಕರಣಗಳು

ಅಕ್ಕಿ ಮುಡಿ ಆರೋ ಒಂಬತ್ತೋ? ಈ ಒಂದು ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ತಪ್ಪು ಕಲ್ಲಿನದ್ದಲ್ಲ, ನನ್ನದು.

ನಮ್ಮ ಕಡೆಯ ಒಂದು ದೇವಸ್ಥಾನದ ಹೊರಾಂಗಣದಲ್ಲಿ ವಿಜಯನಗರ ಕಾಲದ ಒಂದು ದಾನಶಾಸನ ಇತ್ತು. ಮೊದಲ ಸಲ ಹೋದಾಗ ನಡುಮಧ್ಯಾಹ್ನ. ನೆತ್ತಿಯ ಬಿಸಿಲಿಗೆ ಅಕ್ಷರದ ಆಳ ಕಾಣುವುದಿಲ್ಲ, ಆದರೂ ನಾಲ್ಕಾರು ಫೋಟೋ ತೆಗೆದಿದ್ದೆ. ಎರಡನೇ ಸಲ ಸಂಜೆ ಹೋಗಿ, ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದು, ಸಾಲು ಸಾಲಾಗಿ ಚಂದದ ಫೋಟೋ ತೆಗೆದೆ. ಮನೆಗೆ ಬಂದು ಮೆಮೊರಿ ಕಾರ್ಡಿನಿಂದ ಕಂಪ್ಯೂಟರಿಗೆ ಹಾಕುವಾಗ "ಇದೇ ಹೆಸರಿನ ಕಡತ ಈಗಾಗಲೇ ಇದೆ, ಬದಲಿಸಲೇ?" ಎಂದು ಕೇಳಿತು. ಒಮ್ಮೆ ಹಾಕಿದ್ದನ್ನೇ ಮತ್ತೆ ಹಾಕುತ್ತಿದ್ದೇನೆ ಅಂದುಕೊಂಡು "ಎಲ್ಲಕ್ಕೂ ಹೌದು" ಒತ್ತಿಬಿಟ್ಟೆ. ನಿಜವಾಗಿ ಅದು ಬೇರೆ ಕಾರ್ಡು, ಬೇರೆ ಊರಿನ ಫೋಟೋ. ಹೆಸರು ಮಾತ್ರ ಒಂದೇ. ಸಂಜೆಯ ಫೋಟೋಗಳ ಮೇಲೆ ಬೇರೆ ಫೋಟೋಗಳು ಕೂತವು. ಆ ಕಾರ್ಡನ್ನು ಆಗಲೇ ಫಾರ್ಮ್ಯಾಟ್ ಮಾಡಿ ಆಗಿತ್ತು. ಒಂದು ವರ್ಷ ಬಿಟ್ಟು ಹೋದರೆ ಜೀರ್ಣೋದ್ಧಾರ ಮುಗಿದಿತ್ತು. ಕಲ್ಲು ಅಲ್ಲೇ ಉಂಟು, ಆದರೆ ಕೆಳಗಿನ ಐದಾರು ಸಾಲು ಸಿಮೆಂಟಿನ ಒಳಗೆ.

ಅದರಿಂದ ಈ ಲೇಖನ. ಶಾಸನ ಓದುವವರು ಲಿಪಿಯ ಬಗ್ಗೆ, ಕಾಲನಿರ್ಣಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಫೋಟೋ ಎಲ್ಲಿಟ್ಟಿದ್ದೇವೆ ಅಂದರೆ "ಹೊಸ ಫೋಲ್ಡರ್ 3" ಅಂತ ಉತ್ತರ ಬರ್ತದೆ. ನಾನು ಹೊಟ್ಟೆಪಾಡಿಗೆ ಇಂಜಿನಿಯರು, ಶಾಸನ ಹವ್ಯಾಸ. ಕೆಲಸದಲ್ಲಿ ದಿನಾ ಬಳಸುವ ಕಮಾಂಡ್ ಲೈನನ್ನು ಹವ್ಯಾಸಕ್ಕೆ ಬಳಸಬಹುದು ಎಂದು ಹೊಳೆಯಲು ನನಗೆ ಆ ಪೆಟ್ಟು ಬೇಕಾಯಿತು.

ಒಂದೇ ಹೆಸರು ಹೇಗೆ ಬಂತು?

ಡಿಜಿಟಲ್ ಕ್ಯಾಮೆರಾಗಳು ಕಡತಕ್ಕೆ ಹೆಸರಿಡಲು ಒಂದು ಒಪ್ಪಿತ ಕ್ರಮ ಉಂಟು. ಮೊದಲು ನಾಲ್ಕು ಅಕ್ಷರ, ಆಮೇಲೆ ನಾಲ್ಕು ಅಂಕೆ. ಅಂಕೆ 0001ರಿಂದ 9999ರವರೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಕಾರ್ಡ್ ಬದಲಿಸಿದರೂ ಎಣಿಕೆ ಒಂದರಿಂದ ಶುರುವಾಗುವ ಹಾಗೆ ಇಟ್ಟಿರುತ್ತಾರೆ. ಹಾಗಾಗಿ ಎರಡು ಕಾರ್ಡು ಇದ್ದವರಿಗೆ ಒಂದೇ ಹೆಸರಿನ ಎರಡು ಫೋಟೋ ಸಿಗುವುದು ಆಶ್ಚರ್ಯ ಅಲ್ಲ, ಸಿಗದಿದ್ದರೆ ಆಶ್ಚರ್ಯ. ಕ್ಯಾಮೆರಾ ಕೊಟ್ಟ ಹೆಸರಿನಲ್ಲಿ ಕಲ್ಲಿನ ಗುರುತು ಇಲ್ಲ. ಆ ಗುರುತನ್ನು ಕೊಡಬೇಕಾದ್ದು ಫೋಲ್ಡರ್.

ರೈಸ್ ಸಾಹೇಬರ ಫೋಲ್ಡರುಗಳು

ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಬಿ. ಎಲ್. ರೈಸ್ ಈ ಸಮಸ್ಯೆ ಎದುರಿಸಿದ್ದರು. 1886ರಿಂದ 1905ರವರೆಗೆ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳನ್ನು ನೋಡಿ. ಜಿಲ್ಲೆಗೆ ಸಂಪುಟ, ಅದರೊಳಗೆ ತಾಲೂಕು, ತಾಲೂಕಿನೊಳಗೆ ಕ್ರಮಸಂಖ್ಯೆ. "ಬೇಲೂರು ಇಷ್ಟನೇ ಸಂಖ್ಯೆ" ಎಂದರೆ ಸಾಕು, ಜಗತ್ತಿನ ಯಾವ ಮೂಲೆಯ ವಿದ್ವಾಂಸನೂ ಆ ಒಂದು ಶಾಸನಕ್ಕೆ ಹೋಗಿ ಮುಟ್ಟುತ್ತಾನೆ. ಕಂಪ್ಯೂಟರಿನ ಭಾಷೆಯಲ್ಲಿ ಇದಕ್ಕೆ ಪಾತ್ ಎನ್ನುತ್ತಾರೆ, ಅಂದ್ರೆ ದಾರಿ.

ಆದರೆ ಬರೀ ಕ್ರಮಸಂಖ್ಯೆ ನಂಬಿದರೆ ಏನಾಗ್ತದೆ ಎನ್ನುವುದಕ್ಕೂ ಅಲ್ಲೇ ಪಾಠ ಉಂಟು. ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಬಂದಾಗ ಅದರಲ್ಲಿ 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕರಣದಲ್ಲಿ 573. ಪ್ರತಿ ಸಲವೂ ಸಂಖ್ಯೆ ಬದಲು. ಹಳೆಯ ಪುಸ್ತಕದ ಅಡಿಟಿಪ್ಪಣಿ ಹಿಡಿದು ಹೊಸ ಸಂಪುಟ ತೆರೆದರೆ ಬೇರೆಯೇ ಶಾಸನ ಎದುರಾಗುತ್ತದೆ. ಸಂಪಾದಕರು ಹಳೆ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಕೊಟ್ಟದ್ದರಿಂದ ನಾವು ಬಚಾವು.

ನಮ್ಮ ಕರಾವಳಿಯ ಕತೆ ಇನ್ನೊಂದು. ರೈಸರ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲಿ ಇದ್ದದರಿಂದ ಇಲ್ಲಿಯ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಸಂಪುಟಗಳಲ್ಲಿ, ಎಪಿಗ್ರಾಫಿಯಾ ಇಂಡಿಕಾದಲ್ಲಿ ಚದುರಿಕೊಂಡಿವೆ. ಉದ್ಯಾವರದ ಆಳುಪರ ಶಾಸನಗಳನ್ನು ಹುಲ್ಟ್ಸ್ ಅವರು ಪ್ರಕಟಿಸಿದ್ದು ಎಪಿಗ್ರಾಫಿಯಾ ಇಂಡಿಕಾದ 9ನೇ ಸಂಪುಟದಲ್ಲಿ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಉಡುಪಿ ಜಿಲ್ಲೆ ಆಯಿತು, ಆಮೇಲೆ ಕಾಪು ತಾಲೂಕು ಬಂತು. ಶಿರ್ವ ಇದ್ದಲ್ಲೇ ಉಂಟು, ಅದರ ವಿಳಾಸ ಬದಲಾಗ್ತಾ ಇದೆ. ನಾನು ಮೊದಲು "ಉಡುಪಿ ತಾಲೂಕು" ಎಂಬ ಫೋಲ್ಡರಿನೊಳಗೆ ಎಲ್ಲ ಹಾಕಿದ್ದೆ. ಅರ್ಧ ಊರು ಈಗ ಆ ತಾಲೂಕಿನಲ್ಲೇ ಇಲ್ಲ.

ಇದರಿಂದ ನಾನು ಮಾಡಿಕೊಂಡ ನಿಯಮ: ಮೇಲಿನ ಹಂತದಲ್ಲಿ ಊರು. ಅದರೊಳಗೆ 01, 02 ಎಂದು ಕಲ್ಲು. ಕಲ್ಲಿನೊಳಗೆ ಭೇಟಿಯ ದಿನಾಂಕ. ತಾಲೂಕು, ಜಿಲ್ಲೆ, ಪ್ರಕಟವಾದ ಸಂಪುಟದ ಹಳೆ-ಹೊಸ ಸಂಖ್ಯೆ, ಅರಸನ ಹೆಸರು ಇವೆಲ್ಲ ಕಲ್ಲಿನ ಫೋಲ್ಡರಿನೊಳಗೆ ಒಂದು ಪಠ್ಯ ಕಡತದಲ್ಲಿ. ಬದಲಾಗುವುದನ್ನು ಹೆಸರಿನಲ್ಲಿ ಇಡಬಾರದು, ಒಳಗೆ ಬರೆದಿಡಬೇಕು.

ಟರ್ಮಿನಲ್ ತೆರೆಯಿರಿ

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಟರ್ಮಿನಲ್ ಮೊದಲೇ ಇರುತ್ತದೆ. ವಿಂಡೋಸ್‌ನವರು ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯು-ಎಸ್-ಎಲ್ ಹಾಕಿಕೊಳ್ಳಬಹುದು. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಅಕ್ಷರ ಬಿಡಿಸಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವನ್ನೇ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಗೆರೆ ಇಲ್ಲದೆ ಒತ್ತಿ. "ಅಡ್ಡಗೆರೆ ಪಿ" ಎಂದರೆ ಒಂದು ಅಡ್ಡಗೆರೆ ಹಾಕಿ ಅದಕ್ಕೆ ತಾಗಿ ಪಿ ಅಕ್ಷರ.

ಪಿ-ಡಬ್ಲ್ಯು-ಡಿ ಎಂದರೆ ನಾನೀಗ ಯಾವ ಫೋಲ್ಡರಿನಲ್ಲಿದ್ದೇನೆ ಎಂದು ತೋರಿಸುತ್ತದೆ. ಲೋಕೋಪಯೋಗಿ ಇಲಾಖೆ ಅಲ್ಲ! ಯಾವ ಅಳಿಸುವ, ಸರಿಸುವ ಕೆಲಸಕ್ಕೂ ಮೊದಲು ಇದನ್ನು ಒತ್ತುವ ಅಭ್ಯಾಸ ಮಾಡಿ. ಎಲ್-ಎಸ್ ಒಳಗಿರುವುದನ್ನು ಪಟ್ಟಿ ಮಾಡುತ್ತದೆ. ಸಿ-ಡಿ ಇನ್ನೊಂದು ಫೋಲ್ಡರಿಗೆ ಕರೆದೊಯ್ಯುತ್ತದೆ. ಸಿ-ಡಿ ಬರೆದು ಒಂದು ಜಾಗ ಬಿಟ್ಟು ಬರೀ ಅಡ್ಡಗೆರೆ ಹಾಕಿದರೆ ಈಗಷ್ಟೇ ಇದ್ದ ಹಿಂದಿನ ಜಾಗಕ್ಕೆ ವಾಪಸ್. ಬೆಳ್ಮಣ್ಣಿನ ಫೋಲ್ಡರು, ಕಾರ್ಕಳದ ಫೋಲ್ಡರು ಎಂದು ಅತ್ತಿತ್ತ ಓಡಾಡುವವರಿಗೆ ಇದು ತುಂಬ ಉಪಕಾರಿ. ಹೆಸರಿನ ಮೊದಲೆರಡು ಅಕ್ಷರ ಒತ್ತಿ ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಅದೇ ತುಂಬಿಸುತ್ತದೆ. ಕಾಗುಣಿತದ ತಪ್ಪು ಆಗುವ ಭಯ ಇಲ್ಲ.

ಕಟ್ಟುವ ಕೆಲಸ

ಎಂ-ಕೆ-ಡಿ-ಐ-ಆರ್ ಹೊಸ ಫೋಲ್ಡರ್ ಮಾಡುತ್ತದೆ. ಇದಕ್ಕೆ ಅಡ್ಡಗೆರೆ ಪಿ ಸೇರಿಸಿದರೆ ಊರು, ಕಲ್ಲು, ದಿನಾಂಕ ಮೂರೂ ಹಂತವನ್ನು ಒಂದೇ ಸಲ ಕಟ್ಟುತ್ತದೆ. ಮೊದಲೇ ಇದ್ದರೆ ಸುಮ್ಮನೆ ಬಿಡುತ್ತದೆ, ಗಲಾಟೆ ಮಾಡುವುದಿಲ್ಲ. ದಾರಿಯ ಕೊನೆಗೆ ಪುಷ್ಪಾವರಣ ಹಾಕಿ ಅದರೊಳಗೆ ಮೂಲ, ಪಾಠ, ಪಡಿಯಚ್ಚು, ಟಿಪ್ಪಣಿ ಎಂದು ಜಾಗ ಬಿಡದೆ ಅಲ್ಪವಿರಾಮ ಹಾಕಿ ಬರೆದರೆ ನಾಲ್ಕು ಒಳಕೋಣೆ ಒಟ್ಟಿಗೇ ಸಿದ್ಧ. ನಾನು ಕ್ಷೇತ್ರಕಾರ್ಯಕ್ಕೆ ಹೊರಡುವ ಹಿಂದಿನ ರಾತ್ರಿಯೇ ಈ ಒಂದು ಸಾಲು ಒತ್ತಿ ಮನೆ ಕಟ್ಟಿ ಇಟ್ಟಿರುತ್ತೇನೆ. ಬಂದಮೇಲೆ ಸುಸ್ತಾಗಿರ್ತದೆ, ಆಗ ಎಲ್ಲಿ ಹಾಕುವುದು ಎಂದು ಯೋಚಿಸಲು ತಲೆ ಓಡುವುದಿಲ್ಲ.

ಸಂಖ್ಯೆಗೆ ಮುಂದೆ ಸೊನ್ನೆ ಇರಲಿ. ಇಲ್ಲದಿದ್ದರೆ ಪಟ್ಟಿಯಲ್ಲಿ 1 ಆದಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2019-03-17 ಎಂದು ಬರೆದರೆ ಪಟ್ಟಿ ತಾನಾಗಿಯೇ ಕಾಲಾನುಕ್ರಮ ಆಗುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಬೇಡ. ಕಮಾಂಡ್ ಲೈನಿಗೆ ಖಾಲಿ ಜಾಗ ಎಂದರೆ ಒಂದು ಹೆಸರು ಮುಗಿದು ಇನ್ನೊಂದು ಶುರುವಾಯಿತು ಎಂದು ಅರ್ಥ.

ಕನ್ನಡದಲ್ಲಿ ಹೆಸರಿಡಬಹುದಾ?

ಇಡಬಹುದು. ಆದರೆ ಮೂರು ವಿಷಯ ಗೊತ್ತಿರಲಿ.

ಒಂದು, ಉದ್ದ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ತಿಂದರೆ ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ತಿನ್ನುತ್ತದೆ. "ಕ್ಷ" ನಮಗೆ ಒಂದಕ್ಷರ, ಕಂಪ್ಯೂಟರಿಗೆ ಕ, ವಿರಾಮ ಚಿಹ್ನೆ, ಷ ಎಂದು ಮೂರು ಸಂಕೇತ, ಒಂಬತ್ತು ಬೈಟ್. ಒಟ್ಟು 85 ಸಂಕೇತಕ್ಕೆ ಮಿತಿ ಮುಟ್ಟಿತು. "ಮಹಾಲಿಂಗೇಶ್ವರ ದೇವಸ್ಥಾನದ ಪ್ರಾಕಾರದ ಈಶಾನ್ಯ ಮೂಲೆಯ..." ಎಂದು ಶುರು ಮಾಡಿದರೆ ಮುಗಿಸಲು ಬಿಡುವುದಿಲ್ಲ.

ಎರಡು, ಕಣ್ಣಿಗೆ ಒಂದೇ, ಒಳಗೆ ಬೇರೆ. "ಕೊಕ್ಕರ್ಣೆ"ಯ "ಕೊ" ಬರೆಯುವಾಗ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ದೀರ್ಘ ಉಕಾರದ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಹಾಗೆಯೇ "ಬೆಳ್ಮಣ್" ಎಂದು ಮುಗಿಯುವ ಹೆಸರಿನ ತುದಿಯಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತ ಸೇರಿಕೊಂಡಿರಬಹುದು. ಒಂದೇ ಊರಿಗೆ ಎರಡು ಫೋಲ್ಡರ್ ಹುಟ್ಟುತ್ತದೆ, ಯಾಕೆಂದು ತಿಳಿಯುವುದಿಲ್ಲ.

ಮೂರು, ಊರಿನ ಹೆಸರೇ ಎರಡೆರಡು. ಬಾರ್ಕೂರು, ಬಾರಕೂರು. ಬೆಳ್ಮಣ್, ಬೆಳ್ಮಣ್ಣು. ಉದ್ಯಾವರ, ಉದಿಯಾವರ. ಎರಡೂ ಸರಿ. ಆದರೆ ಫೋಲ್ಡರಿಗೆ ಒಂದೇ ಇರಬೇಕು. ನಾನು ಫೋಲ್ಡರಿನ ಹೆಸರಿಗೆ ಇಂಗ್ಲಿಷ್ ಸಣ್ಣಕ್ಷರ ಬಳಸಿ, ಕನ್ನಡದ ಎಲ್ಲ ರೂಪಗಳನ್ನು ಒಳಗಿನ ಪಠ್ಯ ಕಡತದಲ್ಲಿ ಬರೆಯುತ್ತೇನೆ. ಕನ್ನಡದ ಅಭಿಮಾನ ಬಿಟ್ಟದ್ದಲ್ಲ, ಫೋಟೋ ಉಳಿಸುವ ಉಪಾಯ.

ನೋಡುವುದು, ಅಳೆಯುವುದು

ಟ್ರೀ ಎಂಬ ಆಜ್ಞೆ ಇಡೀ ಸಂಗ್ರಹವನ್ನು ಮರದ ಹಾಗೆ ಕೊಂಬೆ ಕೊಂಬೆಯಾಗಿ ಬಿಡಿಸಿ ತೋರಿಸುತ್ತದೆ. ಎಲ್ಲ ಕಂಪ್ಯೂಟರಿನಲ್ಲಿ ಮೊದಲೇ ಇರುವುದಿಲ್ಲ, ಹಾಕಿಕೊಳ್ಳಬೇಕು. ಅಡ್ಡಗೆರೆ ಡಿ ಸೇರಿಸಿದರೆ ಫೋಲ್ಡರ್ ಮಾತ್ರ, ಅಡ್ಡಗೆರೆ ದೊಡ್ಡಕ್ಷರದ ಎಲ್ ಮತ್ತು 2 ಸೇರಿಸಿದರೆ ಎರಡು ಹಂತ ಮಾತ್ರ. ನಾನು ವರ್ಷಕ್ಕೊಮ್ಮೆ ಇದನ್ನು ಮುದ್ರಿಸಿ ಟಿಪ್ಪಣಿ ಪುಸ್ತಕಕ್ಕೆ ಅಂಟಿಸುತ್ತೇನೆ. ಯಾವ ಊರಿಗೆ ಹೋಗಿ ಆಗಿದೆ, ಯಾವುದು ಬಾಕಿ ಎಂದು ಒಂದೇ ನೋಟಕ್ಕೆ ಸಿಗುತ್ತದೆ.

ಡಿ-ಯು ಜಾಗ ಎಷ್ಟು ತಿಂದಿದೆ ಎಂದು ಹೇಳುತ್ತದೆ. ಅಡ್ಡಗೆರೆ ಎಸ್-ಎಚ್ ಹಾಕಿ ನಕ್ಷತ್ರ ಚಿಹ್ನೆ ಕೊಟ್ಟರೆ ಪ್ರತಿ ಊರಿನ ಗಾತ್ರ ಮೆಗಾಬೈಟ್, ಗಿಗಾಬೈಟ್ ಲೆಕ್ಕದಲ್ಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡುತ್ತಿರುವುದು ನಿಮಗೆ ಗೊತ್ತಿರಬಹುದು. ಆ ತರದ ಕಡತಗಳು ಮಾಮೂಲು ಫೋಟೋಗಿಂತ ಎಷ್ಟೋ ಪಾಲು ದೊಡ್ಡವು. ಮುಂದೆ ನಾವೂ ಆ ಕೆಲಸಕ್ಕೆ ಇಳಿದರೆ ಡಿ-ಯು ದಿನಾ ಬೇಕು.

ಹುಡುಕುವುದು

ನನಗೆ ಅತ್ಯಂತ ಪ್ರೀತಿಯ ಆಜ್ಞೆ ಫೈಂಡ್. ಹೆಸರು, ಗಾತ್ರ, ದಿನಾಂಕ ಯಾವುದರಿಂದಲೂ ಹುಡುಕುತ್ತದೆ, ಎಷ್ಟು ಆಳದ ಫೋಲ್ಡರಾದರೂ ಒಳಗೆ ಇಳಿಯುತ್ತದೆ.

ಹೆಸರಿನಿಂದ ಹುಡುಕಲು ನೇಮ್ ಎಂಬ ಆಯ್ಕೆಗಿಂತ ಐ-ನೇಮ್ ಒಳ್ಳೆಯದು. ಅದಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಎಷ್ಟೋ ಕ್ಯಾಮೆರಾಗಳು ಕಡತದ ಕೊನೆಯ ಜೆ-ಪಿ-ಜಿಯನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಫೋನುಗಳು ಸಣ್ಣಕ್ಷರದಲ್ಲಿ. ಕನ್ನಡ ಹೆಸರಿಗೂ ಇದು ನಡೆಯುತ್ತದೆ. "ಬಾರ" ಬರೆದು ನಕ್ಷತ್ರ ಚಿಹ್ನೆ ಹಾಕಿ "ಕೂರು" ಬರೆದರೆ ಬಾರ್ಕೂರು, ಬಾರಕೂರು ಎರಡೂ ಬಲೆಗೆ ಬೀಳುತ್ತವೆ. ನಕ್ಷತ್ರ ಇರುವ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಲು ಮರೆಯಬೇಡಿ.

ಟೈಪ್ ಡಿ ಮತ್ತು ಎಂಪ್ಟಿ ಎಂದು ಎರಡು ಆಯ್ಕೆ ಕೊಟ್ಟರೆ ಖಾಲಿ ಫೋಲ್ಡರುಗಳ ಪಟ್ಟಿ. ಹೋಗಬೇಕೆಂದು ಮನೆ ಕಟ್ಟಿಟ್ಟು ಹೋಗದೆ ಉಳಿದ ಊರುಗಳು ಇವೇ! ಒಂದು ಎಚ್ಚರಿಕೆ: ಫೈಂಡ್‌ಗೆ ಡಿಲೀಟ್ ಎಂಬ ಆಯ್ಕೆಯೂ ಉಂಟು. ಅದನ್ನು ಸಾಲಿನ ಕೊನೆಯಲ್ಲೇ ಬರೆಯಬೇಕು. ಷರತ್ತುಗಳಿಗಿಂತ ಮೊದಲು ಬರೆದರೆ ಅದು ಷರತ್ತು ನೋಡುವ ಮೊದಲೇ ಎಲ್ಲ ಅಳಿಸಿಬಿಡುತ್ತದೆ. ಮೊದಲು ಡಿಲೀಟ್ ಇಲ್ಲದೆ ಓಡಿಸಿ ಪಟ್ಟಿ ನೋಡಿ, ಆಮೇಲೆ ಬೇಕಾದರೆ ಸೇರಿಸಿ.

ನಕಲು ಮಾಡುವುದು, ಸರಿಸುವುದು

ಸಿ-ಪಿ ನಕಲಿಸುತ್ತದೆ, ಎಂ-ವಿ ಸರಿಸುತ್ತದೆ. ಎರಡೂ ಅದೇ ಹೆಸರಿನ ಹಳೆಯ ಕಡತ ಇದ್ದರೆ ಕೇಳದೆ ಅದರ ಮೇಲೆ ಬರೆದುಬಿಡುತ್ತವೆ. ನನ್ನ ಹಾಗೆ "ಹೌದು" ಒತ್ತುವ ಅವಕಾಶವೂ ಕೊಡುವುದಿಲ್ಲ. ಆದ್ದರಿಂದ ಅಡ್ಡಗೆರೆ ಎನ್ ಹಾಕಿಯೇ ಬಳಸಿ. ಆಗ ಇದ್ದದ್ದನ್ನು ಮುಟ್ಟುವುದಿಲ್ಲ. ಅಡ್ಡಗೆರೆ ಐ ಹಾಕಿದರೆ ಪ್ರತಿ ಸಲ ಕೇಳುತ್ತದೆ.

ಇದಕ್ಕಿಂತ ಒಳ್ಳೆಯದು ಆರ್-ಸಿಂಕ್. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಮಾಡಿದ್ದು. ಅಡ್ಡಗೆರೆ ಎ ಹಾಕಿದರೆ ಕಡತದ ಮೂಲ ದಿನಾಂಕ ಉಳಿಯುತ್ತದೆ, ಅಡ್ಡಗೆರೆ ವಿ ಹಾಕಿದರೆ ಏನು ಮಾಡುತ್ತಿದೆ ಎಂದು ಹೇಳುತ್ತದೆ, ಅಡ್ಡಗೆರೆ ಎನ್ ಹಾಕಿದರೆ ನಿಜವಾಗಿ ಏನೂ ಮಾಡದೆ "ಹೀಗೆ ಮಾಡ್ತೇನೆ" ಎಂದು ಬರೀ ತೋರಿಸುತ್ತದೆ. ಯಕ್ಷಗಾನದ ಟ್ರಯಲ್ ಇದ್ದ ಹಾಗೆ. ಒಂದು ಸೂಕ್ಷ್ಮ: ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ವಸ್ತು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ ಹೋಗುತ್ತದೆ.

ಒಂದು ಕಲ್ಲಿಗೆ ಎರಡು ವಿಳಾಸ

ಆಳುಪರ ಬೆಳ್ಮಣ್ಣು ತಾಮ್ರಶಾಸನದ ಟಿಪ್ಪಣಿ ಬೆಳ್ಮಣ್ಣಿನಲ್ಲಿ ಇರಬೇಕಾ, "ಆಳುಪರು" ಎಂಬ ಫೋಲ್ಡರಿನಲ್ಲಾ? ನಕಲು ಮಾಡಿ ಎರಡೂ ಕಡೆ ಇಟ್ಟರೆ ಒಂದರಲ್ಲಿ ಪಾಠ ತಿದ್ದಿದ್ದು ಇನ್ನೊಂದಕ್ಕೆ ಬರುವುದಿಲ್ಲ. ಇಲ್ಲಿ ಎಲ್-ಎನ್ ಎಂಬ ಆಜ್ಞೆಗೆ ಅಡ್ಡಗೆರೆ ಎಸ್ ಸೇರಿಸಿ ಬಳಸಬೇಕು. ವಸ್ತು ಒಂದೇ ಕಡೆ ಇರುತ್ತದೆ, ಇನ್ನೊಂದು ಕಡೆ ಅದಕ್ಕೆ ಕೈಮರ ಮಾತ್ರ. ಹೀಗೆ ಊರಿನ ಪ್ರಕಾರ ಮೂಲ ಸಂಗ್ರಹ, ರಾಜವಂಶದ ಪ್ರಕಾರ ಕೈಮರಗಳ ಇನ್ನೊಂದು ಮರ ಇಟ್ಟುಕೊಳ್ಳಬಹುದು. ಕಾರ್ಕಳದ 1432ರ ಗೊಮ್ಮಟನ ಶಾಸನಕ್ಕೆ "ಕಾರ್ಕಳ", "ಜೈನ", "ವೀರಪಾಂಡ್ಯ" ಎಂದು ಮೂರು ಬಾಗಿಲು, ಮನೆ ಒಂದೇ. ಮೂಲ ಫೋಲ್ಡರನ್ನು ಸರಿಸಿದರೆ ಕೈಮರ ಮುರಿಯುತ್ತದೆ ಎನ್ನುವುದು ನೆನಪಿರಲಿ.

ಅಳಿಸುವುದು

ಆರ್-ಎಂ-ಡಿ-ಐ-ಆರ್ ಖಾಲಿ ಫೋಲ್ಡರನ್ನು ಮಾತ್ರ ಅಳಿಸುತ್ತದೆ. ಒಳಗೆ ಒಂದು ಕಡತ ಇದ್ದರೂ "ಆಗುವುದಿಲ್ಲ" ಎನ್ನುತ್ತದೆ. ಇದು ಸಜ್ಜನ. ಆರ್-ಎಂ ಅಡ್ಡಗೆರೆ ಆರ್ ಒಳಗೆ ಏನಿದ್ದರೂ ಗುಡಿಸಿ ಹಾಕುತ್ತದೆ. ಕಸದ ಬುಟ್ಟಿ ಇಲ್ಲ, ವಾಪಸ್ ಇಲ್ಲ. "ಶಿರ್ವ" ಎಂದು ಶುರುವಾಗುವ ಫೋಲ್ಡರುಗಳನ್ನು ಅಳಿಸಲು ಹೋಗಿ ಹೆಸರು ಮತ್ತು ನಕ್ಷತ್ರದ ನಡುವೆ ತಪ್ಪಿ ಒಂದು ಖಾಲಿ ಜಾಗ ಬಿದ್ದರೆ ಶಿರ್ವವೂ ಹೋಯಿತು, ಅಲ್ಲಿದ್ದ ಉಳಿದದ್ದೆಲ್ಲವೂ ಹೋಯಿತು. ಶಾಸನ ಸಂಗ್ರಹದಲ್ಲಿ ನಾನು ಆರ್-ಎಂ ಅಡ್ಡಗೆರೆ ಆರ್ ಬಳಸುವುದೇ ಇಲ್ಲ. "ಬೇಡದ್ದು" ಎಂಬ ಫೋಲ್ಡರಿಗೆ ಸರಿಸಿ ಆರು ತಿಂಗಳು ಬಿಡುತ್ತೇನೆ.

ಪರೀಕ್ಷೆ

ಡಿಫ್ ಎಂಬ ಆಜ್ಞೆಗೆ ಅಡ್ಡಗೆರೆ ಆರ್-ಕ್ಯೂ ಸೇರಿಸಿ ಎರಡು ಫೋಲ್ಡರ್ ಕೊಟ್ಟರೆ ಯಾವುದರಲ್ಲಿ ಏನಿಲ್ಲ, ಯಾವುದು ಬೇರೆ ಎಂದು ಪಟ್ಟಿ ಕೊಡುತ್ತದೆ. ಶಾ-256-ಸಮ್ ಎಂಬುದು ಪ್ರತಿ ಕಡತಕ್ಕೂ ಬೆರಳಚ್ಚಿನಂಥ ಒಂದು ಸಂಖ್ಯೆ ತೆಗೆಯುತ್ತದೆ. ಒಂದು ಬಿಂದು ಬದಲಾದರೂ ಸಂಖ್ಯೆ ಬದಲು. ಈ ಪಟ್ಟಿಯನ್ನು ಒಂದು ಕಡತದಲ್ಲಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಅಡ್ಡಗೆರೆ ಸಿ ಹಾಕಿ ಓಡಿಸಿದರೆ ಹಾರ್ಡ್ ಡಿಸ್ಕಿನಲ್ಲಿ ಯಾವ ಫೋಟೋವಾದರೂ ಕೆಟ್ಟಿದೆಯೇ ಎಂದು ತಿಳಿಯುತ್ತದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಈ ಪರೀಕ್ಷೆ ಆದಮೇಲೆ, ಮತ್ತು ಎರಡನೇ ಡಿಸ್ಕಿಗೆ ಪ್ರತಿ ಹೋದಮೇಲೆ ಮಾತ್ರ. ಇದು ನನ್ನ ಮನೆಯಲ್ಲಿ ಈಗ ಕಾನೂನು.

ಮತ್ತೆ ಆ ಆರೋ ಒಂಬತ್ತೋ

ಮೊದಲ ಭೇಟಿಯ ಮಧ್ಯಾಹ್ನದ ಫೋಟೋಗಳಾದರೂ ಎಲ್ಲೋ ಇರಬೇಕಲ್ಲ ಎಂದು ನೆನಪಾಯಿತು. ಯಾವ ಫೋಲ್ಡರ್ ಎಂದು ಗೊತ್ತಿಲ್ಲ, ಕಡತದ ಹೆಸರೂ ಗೊತ್ತಿಲ್ಲ. ಆದರೆ ಟಿಪ್ಪಣಿ ಪುಸ್ತಕದಲ್ಲಿ ಭೇಟಿಯ ದಿನಾಂಕ ಇತ್ತು. ಫೈಂಡ್‌ಗೆ ನ್ಯೂವರ್-ಎಂ-ಟಿ ಎಂಬ ಆಯ್ಕೆ ಉಂಟು. ಈ ದಿನದಿಂದ ಈಚಿನದು, ಆದರೆ ಮರುದಿನದಿಂದ ಈಚಿನದಲ್ಲ ಎಂದು ಎರಡು ಷರತ್ತು ಕೊಟ್ಟೆ. ಹಳೆಯ ಡಿಸ್ಕಿನಲ್ಲಿ, ಒಂದು ಮದುವೆಯ ಫೋಟೋಗಳ ಒಟ್ಟಿಗೆ ನಾಲ್ಕು ಫೋಟೋ ಸಿಕ್ಕಿತು. ಮೂರರಲ್ಲಿ ಏನೂ ಕಾಣುವುದಿಲ್ಲ. ಒಂದರಲ್ಲಿ, ಕಂಬದ ನೆರಳು ಬಿದ್ದ ಅಂಚಿನಲ್ಲಿ, ಆ ಅಂಕೆ ಅರ್ಧ ಇದೆ. ಬಾಲ ಸವೆದರೆ ೬ ಮತ್ತು ೯ ಒಂದೇ ಹಾಗೆ ಕಾಣುವುದು ನಿಮಗೆಲ್ಲ ಗೊತ್ತಿದೆ. ನನಗೆ ಅದು ೯ ಎಂದೇ ಅನಿಸುತ್ತದೆ. ಆದರೆ ದೇವರ ನೈವೇದ್ಯಕ್ಕೆ ವರ್ಷಕ್ಕೆ ಮೂರು ಮುಡಿ ಅಕ್ಕಿ ಹೆಚ್ಚು ಬಿಟ್ಟಿದ್ದರು ಎಂದು ಅರ್ಧ ಅಂಕೆಯ ಮೇಲೆ ಹೇಳಲಾಗದು.

ಹಾಗಾಗಿ ಪಾಠದಲ್ಲಿ ಅದನ್ನು ಚೌಕ ಆವರಣದೊಳಗೆ ಇಟ್ಟು, ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದ್ದೇನೆ.

ನಮ್ಮ ಶಿರ್ವದ ಮೂಲ್ಕಿ ಸುಂದರರಾಂ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ ಇರುವುದರಿಂದ ಈ ಭಾಗದ ಮಕ್ಕಳಿಗೆ ಕಲ್ಲು ಹುಡುಕುವ ಹುಚ್ಚು ಬೇಗ ಹತ್ತುತ್ತದೆ. ಕೈಯಲ್ಲಿ ಫೋನು ಉಂಟು, ಫೋಟೋ ತೆಗೆಯುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಇವತ್ತು ರಾತ್ರಿ ಮಲಗುವ ಮೊದಲು ಎಂ-ಕೆ-ಡಿ-ಐ-ಆರ್ ಒತ್ತಿ ಆ ಕಲ್ಲಿಗೊಂದು ಮನೆ ಮಾಡಿಕೊಡಿ. ನಾಳೆ ಅಲ್ಲಿ ಸಿಮೆಂಟ್ ಬಿದ್ದರೂ ನಿಮ್ಮ ಹತ್ತಿರ ಎಲ್ಲ ಸಾಲೂ ಇರ್ತದೆ.